ಮೂರು ತುಂಬದ ಮಕ್ಕಳು

ಅಂಗನವಾಡಿ ಕೆಲಸಕ್ಕೆ ಸೇರಿದಾಗ ನನಗೆ ರೇಷ್ಮೆ ಹುಳುವಿನ ವಿಷಯ ಏನೇನೂ ಗೊತ್ತಿರಲಿಲ್ಲ. ನನ್ನ ತವರು ಗೌರಿಬಿದನೂರಿನ ಆಚೆ, ನಗರಗೆರೆಯ ಕಡೆ. ಅಲ್ಲಿ ನಾವು ಕಂಡದ್ದು ರಾಗಿ, ಕಡಲೆಕಾಯಿ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದಾಗ ಊರಿನ ಗಾಳಿಯಲ್ಲೇ ಬೇಯಿಸಿದ ರೇಷ್ಮೆಗೂಡಿನ ವಾಸನೆ. ಮೊದಮೊದಲು ಮೂಗಿಗೆ ಸೆರಗು ಹಿಡಿದೇ ಓಡಾಡಿದೆ. ಆಮೇಲೆ ಆಮೇಲೆ ಆ ವಾಸನೆ ಇಲ್ಲದ ಊರಿಗೆ ಹೋದರೆ ಏನೋ ಮರೆತು ಬಂದ ಹಾಗಾಗುತ್ತಿತ್ತು. ಎಂಬತ್ತರ ದಶಕ ಅರ್ಧ ದಾಟಿದ ಮೇಲೆ ಮೇಲೂರಿನಿಂದ ಇನ್ನೂ ಸ್ವಲ್ಪ ಒಳಗಿರುವ ಹಳ್ಳಿಯೊಂದಕ್ಕೆ ಅಂಗನವಾಡಿ ಮಂಜೂರಾಯಿತು. ಆ ಊರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹೆಂಗಸು ಯಾರೂ ಇರಲಿಲ್ಲ, ಹಾಗಾಗಿ ನನ್ನನ್ನು ಅಲ್ಲಿಗೆ ಹಾಕಿದರು.

ಕೆಲಸಕ್ಕೆ ಮೊದಲು ತರಬೇತಿ ಕೊಟ್ಟರು. ಅಲ್ಲಿ ಹೇಳಿಕೊಟ್ಟ ನಿಯಮ ಸರಳವಾಗಿತ್ತು. ಮೂರು ವರ್ಷ ತುಂಬಿದ, ಆರು ತುಂಬದ ಮಕ್ಕಳನ್ನು ಕೂರಿಸಿಕೊಂಡು ಹಾಡು, ಕತೆ, ಬಣ್ಣ, ಅಂಕಿ ಕಲಿಸಬೇಕು, ತಿಂಡಿ ಕೊಡಬೇಕು. ಮೂರು ತುಂಬದವರನ್ನು ಆಗಾಗ ತೂಗಿ, ಅವರ ಪಾಲಿನ ಪುಷ್ಟಿ ಹಿಟ್ಟನ್ನು ತಾಯಿಯ ಕೈಗೆ ಕೊಟ್ಟು ಕಳಿಸಬೇಕು. ಅಂದರೆ ಸರ್ಕಾರದ ಪ್ರಕಾರ ಮೂರು ತುಂಬುವ ತನಕ ಮಗುವಿಗೆ ಹೊಟ್ಟೆ ಮಾತ್ರ ಇರುತ್ತದೆ, ತುಂಬಿದ ಮೇಲೆ ತಲೆಯೂ ಬರುತ್ತದೆ. ಈ ನಿಯಮ ಬರೆದವರ ಮನೆಯಲ್ಲಿ ಬೇರೆ ಕೆಲಸವಿಲ್ಲದ ಅಜ್ಜಿಯೊಬ್ಬಳು ಇದ್ದಿರಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಆಗ ಮಾತ್ರ ಎಲ್ಲರ ಜೊತೆ ನಾನೂ ತಲೆಯಾಡಿಸಿ ಬರೆದುಕೊಂಡೆ.

ನಮ್ಮ ಕೇಂದ್ರ ಅಂದರೆ ಸರ್ಕಾರಿ ಪ್ರಾಥಮಿಕ ಶಾಲೆಯ ಪಕ್ಕದ ಒಂದು ಕೋಣೆ. ಪಂಚಾಯಿತಿಯವರು ಅಲ್ಲಿಯವರೆಗೆ ಮುರಿದ ಕುರ್ಚಿ, ಕೆಟ್ಟ ಬೀದಿದೀಪ ತುಂಬಿಡುತ್ತಿದ್ದ ಜಾಗ. ಹೆಂಚಿನ ಮಾಡು, ಎರಡು ಕಿಟಕಿ, ಗೋಡೆಯ ಮೇಲೆ ನಾನೇ ಬರೆದ ಒಂದು ಆನೆ. ಮಕ್ಕಳು ಅದನ್ನು ಎಮ್ಮೆ ಎನ್ನುತ್ತಿದ್ದರು. ನೋಡಿದರೆ ನನಗೂ ಹಾಗೇ ಕಾಣುತ್ತಿದ್ದರಿಂದ ತಿದ್ದಲು ಹೋಗಲಿಲ್ಲ. ಸಹಾಯಕಿಯಾಗಿ ಅದೇ ಊರಿನ ಒಬ್ಬ ಅಜ್ಜಿ. ತುಂಬ ವಯಸ್ಸೇನಲ್ಲ, ಆದರೆ ಊರಿನ ಅರ್ಧ ಮಕ್ಕಳ ಹೆರಿಗೆಗೆ ಕೈ ಹಾಕಿದವಳಾದ್ದರಿಂದ ಎಲ್ಲರಿಗೂ ಅಜ್ಜಿ. ನಮಗೆ ಸರ್ಕಾರ ಕೊಡುತ್ತಿದ್ದುದು ಸಂಬಳವಲ್ಲ, ಗೌರವಧನ. ಅದು ತಡವಾದಾಗಲೆಲ್ಲ ಅಜ್ಜಿ, “ಗೌರವ ಮೊದ್ಲು ಕಳ್ಸವ್ರೆ, ಧನ ಹಿಂದಿನ ಬಸ್ಸಲ್ಲಿ ಬರ್ತೈತೆ ಬಿಡಮ್ಮ” ಎನ್ನುತ್ತಿದ್ದಳು.

ಆ ಊರಿನಲ್ಲಿ ಮನೆ ಅಂದರೆ ಹುಳುಮನೆ. ಹುಳುವಿಗೇ ಪ್ರತ್ಯೇಕ ಕೋಣೆ ಕಟ್ಟಿಸಿದವರು ಕಡಿಮೆ. ಜನ ಮಲಗುವ ನಡುಮನೆಯಲ್ಲೇ ಗೋಡೆಗೊತ್ತಿ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಬಿದಿರಿನ ತಟ್ಟೆಗಳು, ತಟ್ಟೆಗಳ ತುಂಬ ಹುಳು. ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ಸುಮ್ಮನಿದ್ದು ಪೊರೆ ಕಳಚುತ್ತದೆ. ಅದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳು ತಿನ್ನುವ ರಭಸ ನೋಡಿದವರಿಗೇ ಗೊತ್ತು. ಆ ವಾರ ಮನೆಯ ಹೆಂಗಸು ಕೂತು ಉಣ್ಣುವುದಿಲ್ಲ. ಹಿಪ್ಪುನೇರಳೆ ಸೊಪ್ಪು ಕುಯ್ಯಬೇಕು, ಹೊರಬೇಕು, ಹಾಕಬೇಕು, ಕಸ ತೆಗೆಯಬೇಕು, ಅಷ್ಟರಲ್ಲಿ ಮತ್ತೆ ಸೊಪ್ಪು ಮುಗಿದಿರುತ್ತದೆ. ಮನೆಗೆ ನೆಂಟರು ಬರುವ ಹಾಗಿಲ್ಲ, ಘಾಟಿನ ಒಗ್ಗರಣೆ ಹಾಕುವ ಹಾಗಿಲ್ಲ, ಗಂಡಸರು ಬೀಡಿ ಸೇದಬೇಕಾದರೆ ಬೀದಿಯಾಚೆ ಹೋಗಬೇಕು. ಮಗುವಿಗೆ ಪೌಡರು ಕೂಡ ಹಾಕುವುದಿಲ್ಲ, ಹುಳುವಿಗೆ ವಾಸನೆ ಆಗದು. ಇರುವೆ ಹತ್ತದಿರಲಿ ಎಂದು ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುತ್ತಾರೆ, ಕೆಲವರು ಅದಕ್ಕೆ ಒಂದಿಷ್ಟು ಸೀಮೆಎಣ್ಣೆಯನ್ನೂ ಬಿಡುತ್ತಾರೆ. ಅಂಬೆಗಾಲಿಡುವ ಮಗುವಿಗೆ ಆ ಬಟ್ಟಲಿಗಿಂತ ಚಂದದ ಆಟಿಕೆ ಲೋಕದಲ್ಲೇ ಇಲ್ಲ.

ಹಾಗಾಗಿ ಆ ವಾರ ತಾಯಂದಿರಿಗೆ ಎರಡೇ ದಾರಿ. ಹಳೆ ಸೀರೆಯ ಅಂಚಿನಿಂದ ಮಗುವಿನ ಕಾಲು ಕಟ್ಟಿ ಕಂಬಕ್ಕೆ ಬಿಗಿಯುವುದು, ಇಲ್ಲವೇ ದೊಡ್ಡ ಮಗಳನ್ನು ಶಾಲೆ ಬಿಡಿಸಿ ಮಗು ನೋಡಿಕೊಳ್ಳಲು ಕೂರಿಸುವುದು. ವರ್ಷಕ್ಕೆ ಐದಾರು ಬೆಳೆ ತೆಗೆಯುವ ಊರು. ಒಂದು ಬೆಳೆಯ ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋದ ಹಿಂದೆಯೇ ಮುಂದಿನ ಬೆಳೆಯ ಮೊಟ್ಟೆ ಮನೆಗೆ ಬರುತ್ತಿತ್ತು. ಮಕ್ಕಳ ವಯಸ್ಸನ್ನೂ ಬೆಳೆಯಲ್ಲೇ ಹೇಳುತ್ತಿದ್ದರು. “ಎಷ್ಟು ತಿಂಗಳಮ್ಮ ಕೂಸಿಗೆ?” ಎಂದರೆ, “ಮೂರು ಬೆಳೆ ಆಯ್ತು ಟೀಚರಮ್ಮ.” ನಾನು ಅದನ್ನು ತಿಂಗಳಿಗೆ ತಿರುಗಿಸಿ ತೂಕದ ಕಾರ್ಡಿನಲ್ಲಿ ಚುಕ್ಕೆ ಇಡುತ್ತಿದ್ದೆ.

ಪಕ್ಕದ ಶಾಲೆಯ ಮೂರನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಇದ್ದಳು ಎಂದರೆ ಹೆಸರಿಗೆ ಮಾತ್ರ. ಅವಳ ಅಪ್ಪ ಶಿಡ್ಲಘಟ್ಟದ ಒಂದು ರೇಷ್ಮೆ ಬಿಚ್ಚುವ ಘಟಕಕ್ಕೆ ಬೆಳಿಗ್ಗೆಯೇ ಹೋಗಿಬಿಡುತ್ತಿದ್ದ. ಮನೆಯಲ್ಲಿ ಅಜ್ಜಿ ತಾತ ಇರಲಿಲ್ಲ. ತಾಯಿಗೆ ಹುಳು, ಹುಡುಗಿಗೆ ತಮ್ಮ. ಅವಳು ತಮ್ಮನನ್ನು ಎತ್ತಿಕೊಂಡು ಶಾಲೆಯ ಕಿಟಕಿಯ ಹೊರಗೆ ನಿಂತು, ಒಳಗಿನವರು ಮಗ್ಗಿ ಹೇಳಿದರೆ ತಾನೂ ಹೊರಗಿನಿಂದಲೇ ಹೇಳುತ್ತಿದ್ದಳು. ಒಳಗಿರುವ ಹುಡುಗರು ತಪ್ಪಿದಾಗ ಅವಳ ದನಿ ಒಂಟಿಯಾಗಿ ಕೇಳುತ್ತಿತ್ತು. ಮೇಷ್ಟ್ರು ಕೆಟ್ಟವರಲ್ಲ, ಆದರೆ ಒಂದು ದಿನ ಅವಳ ತಾಯಿಗೆ ಖಂಡಿತವಾಗಿ ಹೇಳಿಬಿಟ್ಟರು: “ಹೀಗೇ ಆದ್ರೆ ಪರೀಕ್ಷೆಗೆ ಕೂರಿಸಕ್ಕಾಗಲ್ಲ ಕಣಮ್ಮ. ಮುಂದಿನ ವರ್ಷನೂ ಮೂರನೇ ಕ್ಲಾಸೇ.” ಅದಕ್ಕೆ ತಾಯಿ, “ಅದೇ ಕ್ಲಾಸಲ್ಲಿ ಇನ್ನೊಂದು ವರ್ಷ ಯಾಕೆ ಕೂರ್ಬೇಕು? ಬಿಡಿಸ್ಬಿಡ್ತೀನಿ” ಅಂದಳಂತೆ. ಇದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೆಂದು ಗೊತ್ತಾಗದ ಉರಿ ಅದು. ತಾಯಿಯ ಮೇಲೆ ಮಾಡಿಕೊಳ್ಳೋಣವೆಂದರೆ ಅವಳ ಬೆರಳ ತುದಿಗಳು ಸೊಪ್ಪಿನ ಹಾಲಿಗೆ ಕರ್ರಗಾಗಿದ್ದವು, ಕಣ್ಣು ನಿದ್ದೆಯಿಲ್ಲದೆ ಊದಿತ್ತು.

ಮರುದಿನ ಆ ಹುಡುಗಿ ಕಿಟಕಿಯ ಹತ್ತಿರ ಬಂದಾಗ ನಾನು ಹೊರಗೆ ಹೋಗಿ, “ತಮ್ಮನ್ನ ಇಲ್ಲಿ ಕೊಡು, ನೀನು ಒಳಗೆ ಹೋಗು” ಅಂದೆ. ಅವಳು ನಂಬಲಿಲ್ಲ. ನಾನು ಕೈಚಾಚಿ ಮಗುವನ್ನು ಎತ್ತಿಕೊಂಡ ಮೇಲೂ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ಆಮೇಲೆ ಓಡಿದಳು.

ಅಲ್ಲಿಗೆ ಶುರುವಾಯಿತು. ಒಂದು ಮನೆಯ ಮಗುವನ್ನು ಕೂರಿಸಿಕೊಂಡರೆ ಪಕ್ಕದ ಮನೆಯವಳು ಸುಮ್ಮನಿರುತ್ತಾಳೆಯೇ? ಎರಡನೇ ವಾರಕ್ಕೆ ನನ್ನ ಕೋಣೆಯಲ್ಲಿ ಮೂರು ತುಂಬಿದವರಿಗಿಂತ ತುಂಬದವರೇ ಜಾಸ್ತಿ. ದೊಡ್ಡ ಮಕ್ಕಳು ಹುಳು ಏಳುವ ವಾರ ಅಮ್ಮಂದಿರ ಹಿಂದೆ ತೋಟಕ್ಕೆ ಹೋಗಿ ತಾವೇ ಆಡಿಕೊಂಡಿರುತ್ತಿದ್ದರು. ಯಾರಾದರೂ ನೋಡಲೇಬೇಕಾಗಿದ್ದುದು ಈ ಚಿಕ್ಕವನ್ನು. ತೊಲೆಗೆ ಸೀರೆಯ ಜೋಲಿ ಕಟ್ಟಿದೆವು. ಅಜ್ಜಿ ಮೊದಲ ದಿನ ಸೊಂಟಕ್ಕೆ ಕೈಯಿಟ್ಟು ನಿಂತಳು. “ನನ್ನ ಇಟ್ಕೊಂಡಿರೋದು ಉಪ್ಪಿಟ್ಟು ಕೆದಕಕ್ಕೆ, ಹೇಲು ಬಾಚಕ್ಕಲ್ಲ.” ಹೀಗೆಂದವಳೇ ಸಂಜೆಯ ಹೊತ್ತಿಗೆ ಒಂದನ್ನು ಕಾಲ ಮೇಲೆ ಮಲಗಿಸಿಕೊಂಡು, “ಏನಪ್ಪ ಯಜಮಾನ್ರೆ, ಊಟ ಆಯ್ತಾ, ಹುಳ ಎದ್ವಾ, ಸೊಪ್ಪು ಐತಾ?” ಎಂದು ವಿಚಾರಿಸುತ್ತಿದ್ದಳು. ಯಜಮಾನರು ಅವಳ ಬಾಯಿಯನ್ನೇ ನೋಡಿ, ಅವಳು ನಿಲ್ಲಿಸಿದಾಗ ತಮ್ಮ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು.

ನನಗೆ ತರಬೇತಿಯಲ್ಲಿ ಇದೆಲ್ಲ ಹೇಳಿರಲಿಲ್ಲ. ಮಕ್ಕಳು ಕಲಿಯುವುದು ನಾನು ಹಾಡು ಹೇಳಿಕೊಟ್ಟಾಗ ಎಂದುಕೊಂಡಿದ್ದೆ. ಆ ಹುಡುಗಿಯ ತಮ್ಮ ಸ್ಟೀಲ್ ಲೋಟವನ್ನು ನೆಲಕ್ಕೆ ಬೀಳಿಸಿ, ಸದ್ದು ಕೇಳಿ, ನನ್ನ ಮುಖ ನೋಡುತ್ತಿದ್ದ. ಎತ್ತಿಕೊಟ್ಟರೆ ಮತ್ತೆ ಬೀಳಿಸುತ್ತಿದ್ದ. ಮೊದಮೊದಲು ನನಗೆ ತಾಳ್ಮೆ ಕೆಡುತ್ತಿತ್ತು. ಒಮ್ಮೆ ಅವನು ಲೋಟವನ್ನು ಚಾಪೆಯ ಮೇಲೆ ಬೀಳಿಸಿದ, ಸದ್ದಾಗಲಿಲ್ಲ. ಹುಬ್ಬು ಗಂಟಿಕ್ಕಿದ. ತೆವಳಿಕೊಂಡು ಹೋಗಿ ಬರಿ ನೆಲದ ಮೇಲೆ ಬೀಳಿಸಿದ. ಠಣ್ಣೆಂದಿತು. ಅವನ ಮುಖ ಅರಳಿದ್ದು ನೋಡಿ ನಾನು ಚಪ್ಪಾಳೆ ತಟ್ಟಿಬಿಟ್ಟೆ. ಕಾಲಿಗೆ ಸೀರೆ ಕಟ್ಟಿಸಿಕೊಂಡು ಕಂಬದ ಪಕ್ಕ ಕೂತಿದ್ದರೆ ಈ ಮಗುವಿಗೆ ಈ ದಿನ ಇದು ಸಿಗುತ್ತಿರಲಿಲ್ಲವಲ್ಲ ಎಂದೂ ಅನಿಸಿತು. ಅಕ್ಕ ಶಾಲೆಯಲ್ಲಿ ಮಗ್ಗಿ ಕಲಿಯುತ್ತಿದ್ದಳು, ತಮ್ಮ ನನ್ನ ಕೋಣೆಯಲ್ಲಿ ಚಾಪೆ ಬೇರೆ, ನೆಲ ಬೇರೆ ಎಂದು ಕಲಿಯುತ್ತಿದ್ದ. ಒಬ್ಬರದು ಕಲಿಕೆ, ಇನ್ನೊಬ್ಬರದು ಬರೀ ಪುಷ್ಟಿ ಹಿಟ್ಟು ಎನ್ನಲು ನನಗಂತೂ ಸಾಧ್ಯವಿರಲಿಲ್ಲ.

ನಮ್ಮ ಮೇಲ್ವಿಚಾರಕಿ ಬಂದದ್ದು ಇಂಥ ಒಂದು ದಿನ. ಬಾಗಿಲಲ್ಲೇ ನಿಂತರು. ತೊಲೆಯ ಉದ್ದಕ್ಕೂ ಜೋಲಿಗಳು, ನೆಲದ ಮೇಲೆ ತೆವಳುವವರು, ನನ್ನ ಆನೆಯ ಕೆಳಗೆ ಒಬ್ಬರು ಉಚ್ಚೆ ಹೊಯ್ದ ಕೆರೆ. ಬೈಯುತ್ತಾರೆಂದುಕೊಂಡೆ, ಆದರೆ ಅವರು ಹೆದರಿದ್ದರು.

“ಇದೇನಮ್ಮ ಮಾಡ್ಕೊಂಡಿದ್ದೀಯ? ನಮ್ಮ ಯೋಜನೆಯಲ್ಲಿ ಮೂರು ತುಂಬದವರನ್ನ ಕೂರಿಸಿಕೊಳ್ಳಕ್ಕೆ ಒಂದು ಪೈಸೆ ಅನುದಾನ ಇಲ್ಲ. ಆಯಾ ಇಲ್ಲ, ತೊಟ್ಟಿಲಿಲ್ಲ, ಹಾಲಿಲ್ಲ. ನಾಳೆ ಒಂದು ಮಗು ಬಿದ್ದು ತಲೆ ಒಡ್ಕೊಂಡ್ರೆ ಯಾರು ಹೊಣೆ? ನೀನೂ ಮನೆಗೆ ಹೋಗ್ತೀಯ, ನಾನೂ ಹೋಗ್ತೀನಿ.”

“ಹಾಗಾದ್ರೆ ಅನುದಾನ ಕೇಳಣ ಮೇಡಂ.”

“ಯಾರನ್ನ ಕೇಳ್ತೀಯ? ಮುಂದಿನ ವಾರ ಕೋಲಾರದಿಂದ ಸಾಹೇಬ್ರು ಬರ್ತಿದ್ದಾರೆ. ಅಷ್ಟರಲ್ಲಿ ಮೂರು ತುಂಬದವರು ಇಲ್ಲಿರಬಾರದು, ಅಷ್ಟೆ.”

ಆಗಿನ್ನೂ ನಮ್ಮ ತಾಲ್ಲೂಕುಗಳೆಲ್ಲ ಕೋಲಾರ ಜಿಲ್ಲೆಗೇ ಸೇರಿದ್ದವು. ದೊಡ್ಡ ಸಾಹೇಬರು ಅಂದರೆ ಕೋಲಾರದವರು. ಮೇಡಂ ಹೇಳಿದ್ದನ್ನು ಬಾಗಿಲ ಪಕ್ಕದ ಬೋರಿನಲ್ಲಿ ನೀರು ಹಿಡಿಯುತ್ತಿದ್ದ ಹೆಂಗಸರೆಲ್ಲ ಕೇಳಿಸಿಕೊಂಡರು. ಸಂಜೆ ಹುಡುಗಿಯ ತಾಯಿ ಮಗನನ್ನು ಕರೆದೊಯ್ಯಲು ಬಂದಾಗ ನಾನು ಏನು ಹೇಳಬೇಕೆಂದು ತಿಳಿಯದೆ ಜೋಲಿ ಬಿಚ್ಚುವ ನೆಪ ಮಾಡುತ್ತಿದ್ದೆ. ಅವಳೇ ಹೇಳಿದಳು: “ಹೋಗ್ಲಿ ಬಿಡು ಟೀಚರಮ್ಮ. ಮಗ್ಳು ಮನೇಲಿರ್ತಾಳೆ.” ಪಕ್ಕದಲ್ಲಿ ನಿಂತಿದ್ದ ಹುಡುಗಿ ಚೀಲದಿಂದ ಸ್ಲೇಟು ತೆಗೆದು, ಅದನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟುಬಿಟ್ಟಳು. ಆ ದಿನ ಮನೆಗೆ ಬಂದು ನಾನು ಪಾತ್ರೆ ತಿಕ್ಕಿದ ರಭಸಕ್ಕೆ ನಮ್ಮ ಯಜಮಾನರು ಒಳಗೆ ಬರದೆ ಜಗುಲಿಯಲ್ಲೇ ಕೂತರು.

ಸಾಹೇಬರು ಬರುವ ದಿನಕ್ಕೆ ಸರಿಯಾಗಿ ಊರಿನ ಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ಅಂದರೆ ದೊಡ್ಡ ಮಕ್ಕಳು ಒಬ್ಬರೂ ಕೇಂದ್ರಕ್ಕೆ ಬರುವ ಹಾಗಿರಲಿಲ್ಲ, ತಾಯಂದಿರಿಗೆ ತಲೆ ಬಾಚುವಷ್ಟೂ ಪುರುಸೊತ್ತಿರಲಿಲ್ಲ. ನಾನು ಖಾಲಿ ಕೋಣೆಯಲ್ಲಿ ಸಾಹೇಬರನ್ನು ಕೂರಿಸಿ ಬೈಸಿಕೊಳ್ಳಲು ತಯಾರಾಗಿದ್ದೆ. ಜೀಪು ಬಂತು. ಅದರ ಹಿಂದೆಯೇ, ಯಾರೂ ಕರೆಯದೆ, ಹೆಂಗಸರ ಒಂದು ದಂಡು ಬಂತು. ತಲೆ ಬಾಚಿ, ಒಗೆದ ಸೀರೆಯುಟ್ಟು, ಒಬ್ಬೊಬ್ಬರ ಕೈಯಲ್ಲೂ ಕಾಡಿಗೆ ಬಳಿದ ಒಂದೊಂದು ಮಗು. ಬಂದವರೇ ಸಾಲಾಗಿ ಕೂತರು. ಅಜ್ಜಿ ನನ್ನ ಮುಖ ನೋಡಲಿಲ್ಲ. ಇವರೆಲ್ಲ ಏನೋ ಮಾತಾಡಿಕೊಂಡು ಬಂದಿದ್ದಾರೆ ಎಂದು ಆಗ ನನಗೆ ಅನುಮಾನವಾಯಿತು.

ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು, ಹೊಸದಾಗಿ ಕೆಲಸಕ್ಕೆ ಬಂದವರು. ಇನ್ನೂ ಮದುವೆಯಾಗಿಲ್ಲ ಎಂದು ಮೇಡಂ ಮೊದಲೇ ಹೇಳಿದ್ದರು. ಮೊದಲು ಕೂತಿದ್ದ ನಮ್ಮ ಹುಡುಗಿಯ ತಾಯಿಯನ್ನು ಮೆತ್ತಗೆ ಕೇಳಿದರು: “ಮಗೂಗೆ ಎಷ್ಟು ವಯಸ್ಸಮ್ಮ?”

“ಮೂರು ತುಂಬೈತೆ ಸಾಮಿ.”

ಮೂರು ತುಂಬಿದವನು ಎರಡೇ ಹಲ್ಲಿನ ಬಾಯಿ ತೆರೆದು ತನ್ನ ಮುಷ್ಟಿಯನ್ನು ಚೀಪುತ್ತಿದ್ದ. ತಾಯಿಯ ಪಕ್ಕದವಳು, “ಇವ್ಳಿಗೂ ಮೂರು.” ಆಚೆಯವಳು, “ನಮ್ದೂ ಅಷ್ಟೆ, ಮೊನ್ನೆ ತುಂಬ್ತು.” ಇಡೀ ಸಾಲಿಗೆ ಮೂರು ತುಂಬಿತ್ತು. ಮೇಡಂ ತೊಲೆಯನ್ನೇ ದಿಟ್ಟಿಸುತ್ತಿದ್ದರು. ಮೂರು ತುಂಬದವರು ಇರಬಾರದು ಎಂದು ಅವರೇ ಹೇಳಿದ್ದರಲ್ಲ, ಹೆಂಗಸರು ಅದನ್ನು ಅಕ್ಷರಶಃ ಪಾಲಿಸಿದ್ದರು.

“ನಡೀತಾನಾ?” ಎಂದರು ಸಾಹೇಬರು.

“ಇಲ್ಲ ಸಾಮಿ, ಅಂಬೆಗಾಲು.”

“ಮಾತು?”

“ಬ್ಬ ಬ್ಬ ಬ್ಬ ಅಂತಾನೆ.”

ಸಾಹೇಬರ ಮುಖ ಬಿಳಿಚಿತು. ಅವರೇ ಮಗುವನ್ನು ಎತ್ತಿ ತಕ್ಕಡಿಯ ಜೋಲಿಯಲ್ಲಿ ಕೂರಿಸಿದರು. ಮುಳ್ಳು ನೋಡಿದರು, ಹೊಸ ಕಾರ್ಡೊಂದರಲ್ಲಿ ಮೂರು ವರ್ಷದ ಗೆರೆ ಹುಡುಕಿ ಚುಕ್ಕೆ ಇಟ್ಟರು. ಚುಕ್ಕೆ ಹಸಿರು ದಾಟಿ, ಹಳದಿ ದಾಟಿ, ಕೆಂಪು ಪಟ್ಟೆಗೆ ಬಿತ್ತು. ಎರಡನೇ ಮಗು, ಅದೂ ಕೆಂಪು. ಮೂರನೆಯದೂ ಕೆಂಪು. ಪಾಪ, ಪುಸ್ತಕದಲ್ಲಿ ಓದಿದ್ದ ಘೋರ ಅಪೌಷ್ಟಿಕತೆ ಊರಿಗೂರೇ ಎದುರಿಗೆ ಬಂದು ಕೂತಿದೆ ಎಂದುಕೊಂಡರು. ನನ್ನ ಕಡೆ ತಿರುಗಿ, “ಏನಮ್ಮ ಮಾಡ್ತಿದ್ದೀರಿ ನೀವು ಇಲ್ಲಿ? ಈ ಮಕ್ಕಳು ಬದುಕಿರೋದೇ ಹೆಚ್ಚು! ಡ್ರೈವರ್, ಜೀಪ್ ತಿರುಗಿಸು. ಈ ಮಗೂನ ಈಗ್ಲೇ ಆಸ್ಪತ್ರೆಗೆ ಸೇರಿಸ್ಬೇಕು” ಎಂದು ಕೂಗಿದರು. ಆಮೇಲೆ ಹುಡುಗಿಯ ತಾಯಿಗೆ ಬಹಳ ಮರುಕದಿಂದ, “ಹೆದರಬೇಡಮ್ಮ. ಮಗೂಗೆ ಊಟ ಹಾಕಕ್ಕೆ ಆಗ್ತಿಲ್ಲ ಅಂತ ನಮಗೆ ಅರ್ಥ ಆಗುತ್ತೆ” ಅಂದರು.

ಅಲ್ಲಿಗೆ ಕತೆ ಮುಗಿಯಿತು. ಆ ಹೆಂಗಸು ಎದ್ದು ನಿಂತಳು. ಅವಳಿಗೆ ಸಿಟ್ಟು ಬಂದರೆ ಬಾಯಿಗೆ ತೆಲುಗು ಬರುತ್ತಿತ್ತು. “ನಾ ಬಿಡ್ಡಕಿ ನೇನು ತಿಂಡಿ ಪೆಟ್ಟಲೇದಾ? ನನ್ನ ಮಗ ಕೂಳಿಲ್ದೆ ಒಣಗ್ದೋನಾ ಸಾಮಿ? ಅವ್ನು ಹುಟ್ಟಿ ಇನ್ನೂ ಐದು ಬೆಳೆ ಆಗಿಲ್ಲ! ಐದು ಬೆಳೆ ತುಂಬ್ದೆ ಇಷ್ಟು ಗುಂಡುಗುಂಡಾಗವ್ನೆ, ಕಣ್ಣು ಕಾಣಲ್ವಾ ನಿಮ್ಗೆ? ತೊಡೆ ಹಿಡ್ದು ನೋಡಿ!”

ಮಗುವಿನ ತೊಡೆಯನ್ನು ಅವಳು ಸಾಹೇಬರ ಮೂಗಿಗೇ ಹಿಡಿದಳು. ಪಕ್ಕದವಳಿಗೂ ಮಾನ ಕೆಣಕಿದ ಹಾಗಾಯಿತು. “ನಮ್ದು ಏಳು ಬೆಳೆ ಸಾಮಿ, ಹಲ್ಲು ನೋಡಿ ಬೇಕಾದ್ರೆ.” ಊರಿಗೆ ಮೂರು ತುಂಬಿದ್ದು ಬಂದಷ್ಟೇ ಬೇಗ ಇಳಿದುಹೋಯಿತು. ಸಾಹೇಬರು ಒಂದು ಗಳಿಗೆ ಅರ್ಥವಾಗದೆ ನನ್ನನ್ನು ನೋಡಿದರು. “ಐದು ಬೆಳೆ ಅಂದ್ರೆ ಹತ್ತು ತಿಂಗಳ ಹತ್ತಿರ ಸರ್” ಅಂದೆ. ಅವರು ಕಾರ್ಡು ನೋಡಿದರು, ಮಗುವಿನ ತೊಡೆ ನೋಡಿದರು, ಕಿಟಕಿಯ ಕಟ್ಟೆಯ ಮೇಲೆ ಕುಸಿದು ಕೂತು ನಗಲು ಶುರುಮಾಡಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಮ್ಮ ಮೇಡಂ ಕೂಡ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಲ್ಲಿಯವರೆಗೆ ನನಗೆ ಅವರ ಮೇಲೆಲ್ಲ ಇದ್ದ ಕೋಪ ಆ ನಗುವಿನಲ್ಲಿ ಎಲ್ಲಿ ಹೋಯಿತೋ.

ನಗು ನಿಂತ ಮೇಲೆ ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು. “ಸುಳ್ಳು ಹೇಳಿ ಯಾಕೆ ಕೂರಿಸಬೇಕು? ಇಷ್ಟು ಚಿಕ್ಕ ಮಕ್ಕಳು ಮನೇಲೇ ಇರಬಹುದಲ್ಲ?” ನಾನು ಹುಳುವಿನ ವಾರದ ವಿಷಯ ಹೇಳಿದೆ, ಸೀಮೆಎಣ್ಣೆಯ ಬಟ್ಟಲಿನ ವಿಷಯ ಹೇಳಿದೆ. ಹೊರಗೆ ಕಿಟಕಿಯ ಹತ್ತಿರ ನಿಂತಿದ್ದ ಹುಡುಗಿಯನ್ನು ತೋರಿಸಿ, ಈ ಮಗು ಇಲ್ಲಿದ್ದರೆ ಅವಳು ಶಾಲೆಯಲ್ಲಿರುತ್ತಾಳೆ, ಇಲ್ಲದಿದ್ದರೆ ಇಲ್ಲ ಅಂದೆ. ಸಾಹೇಬರು ಎದ್ದು ಕಿಟಕಿಯಾಚೆ ಅವಳನ್ನು ನೋಡಿದರು. ಆಮೇಲೆ, “ನಮ್ಮ ಯೋಜನೆಯಲ್ಲಿ ಇದಕ್ಕೆ ದುಡ್ಡಿಲ್ಲ, ಅದು ನಿಜ. ಆದ್ರೆ ದುಡಿಯೋ ತಾಯಂದಿರ ಮಕ್ಕಳಿಗೆ ಅಂತ ಬೇರೆ ಒಂದು ಯೋಜನೆ ಇದೆ. ಶಿಶುಪಾಲನಾ ಕೇಂದ್ರ. ಆಯಾಗೆ, ತೊಟ್ಟಿಲಿಗೆ, ಹಾಲಿಗೆ ಅನುದಾನ ಬರುತ್ತೆ. ಅದಕ್ಕೆ ಊರಿನ ಮಹಿಳಾ ಮಂಡಳಿ ಅರ್ಜಿ ಹಾಕಬೇಕು” ಅಂದರು. ಹೆಂಗಸರ ಕಡೆ ತಿರುಗಿ, “ನೀವೆಲ್ಲ ಏನು ಕೆಲಸ ಮಾಡ್ತೀರಮ್ಮ?” ಎಂದು ಕೇಳಿದರು.

“ಏನೂ ಇಲ್ಲ ಸಾಮಿ,” ಎಂದಳು ಹುಡುಗಿಯ ತಾಯಿ. “ಮನೇಲೇ ಇರ್ತೀವಿ.”

“ಯಾರೂ ಕೆಲಸಕ್ಕೆ ಹೋಗಲ್ವಾ?”

“ಇಲ್ಲ ಸಾಮಿ. ಮನೇನೇ.” ಎಲ್ಲರೂ ತಲೆಯಾಡಿಸಿದರು.

ನನಗೆ ಕೋಪ ಯಾವತ್ತೂ ಮೂಗಿನ ತುದಿಯಲ್ಲೇ. ಸಾಹೇಬರು ಇದ್ದಾರೆ ಎನ್ನುವುದನ್ನೂ ಮರೆತೆ. “ಮನೇಲಿ ಇರ್ತೀರಾ? ಕೂತ್ಕೊಂಡು ಎಲೆ ಅಡಿಕೆ ಹಾಕ್ಕೊಂತೀರಾ? ಸೊಪ್ಪು ಕುಯ್ಯೋರು ಯಾರು, ನಮ್ಮ ಯಜಮಾನ್ರಾ? ತಟ್ಟೆ ಕಸ ತೆಗೆಯೋರು ಯಾರು? ಗೂಡು ಬಿಡಿಸೋರು ಯಾರು? ಮಾರ್ಕೆಟ್ಟಿಗೆ ಹೋಗೋ ಗೂಡು ತಾನಾಗೇ ಮರದಲ್ಲಿ ಬಿಡ್ತದಾ?” ಅವರೆಲ್ಲ ಬೆಪ್ಪಾಗಿ ನನ್ನನ್ನು ನೋಡಿದರು. ಅಜ್ಜಿ ಮಾತ್ರ, “ಬೈಯಮ್ಮ, ಇನ್ನೂ ಒಂದೆರಡು ಬೈಯಿ” ಅಂದಳು. ಅಷ್ಟು ದುಡಿದರೂ ಅದು ಕೆಲಸ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸಾಹೇಬರು ಜೀಪು ಹತ್ತುವ ಮೊದಲು ಮೇಡಂಗೆ ಹೇಳಿದ್ದು ನನಗೂ ಕೇಳಿಸಿತು. “ಅರ್ಜಿಗೆ ಉತ್ತರ ಬರೋ ತನಕ ನಾನು ಇಲ್ಲಿ ಚಿಕ್ಕ ಮಕ್ಕಳನ್ನ ನೋಡಿಲ್ಲ. ನೀವೂ ನೋಡಿಲ್ಲ.” ಮೇಡಂ ಹೋಗುವಾಗ ತಮ್ಮ ಚೀಲದಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಅಜ್ಜಿಯ ಕೈಗೆ ತುರುಕಿದರು. ಮಾರನೆಯ ದಿನ ಹುಡುಗಿ ಪಕ್ಕದ ಮನೆಯ ಹುಡುಗನ ಹತ್ತಿರ ಜಗಳವಾಡಿ ಸ್ಲೇಟು ವಾಪಸ್ಸು ತಂದಳು.

ಮಂಡಳಿ ಆಯಿತು, ಅರ್ಜಿ ಹೋಯಿತು. ಅದಾದ ಮೇಲೆ ಒಂದು ಸದ್ದೂ ಇಲ್ಲ. ಹುಳುವಿನ ಮನೆಯಲ್ಲಿ ಎರಡು ಬೆಳೆ ಬಂದು ಹೋದವು. ಪರೀಕ್ಷೆ ಹತ್ತಿರ ಬರುತ್ತಿತ್ತು, ನೋಡಿಲ್ಲ ಎನ್ನುವವರು ಎಷ್ಟು ದಿನ ನೋಡದೆ ಇರುತ್ತಾರೆ ಎನ್ನುವ ಹೆದರಿಕೆ ನನಗೆ. ಕೊನೆಗೆ ಗೂಡು ಮಾರಿ ಕೈ ಬಿಡುವಾದ ಒಂದು ದಿನ ನಾನು, ಹುಡುಗಿಯ ತಾಯಿ, ಇನ್ನಿಬ್ಬರು ಹೆಂಗಸರು ಕೋಲಾರಕ್ಕೆ ಹೊರಟೆವು. ಚಿಂತಾಮಣಿಯಲ್ಲಿ ಬಸ್ಸು ಬದಲಾಯಿಸಬೇಕು. ಅಲ್ಲಿಂದ ಆಚೆಗೆ ಆ ಮೂವರೂ ಹೋದವರಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಬೋಂಡ ತಿಂದು, ಕೋಲಾರದ ಬಸ್ಸೆಂದು ಮದನಪಲ್ಲಿಯ ಬಸ್ಸು ಹತ್ತಿ, ಕಂಡಕ್ಟರ್ ಹತ್ತಿರ ಬೈಸಿಕೊಂಡು ಇಳಿದೆವು.

ಕಚೇರಿಯಲ್ಲಿ ಗುಮಾಸ್ತರು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. “ಇದು ದುಡಿಯೋ ಮಹಿಳೆಯರಿಗಮ್ಮ. ನೀವೆಲ್ಲ ಗೃಹಿಣಿಯರು ಅಲ್ವಾ?”

ನಾನು ಬಾಯಿ ತೆರೆಯುವ ಮೊದಲೇ ಹುಡುಗಿಯ ತಾಯಿ ಎರಡೂ ಕೈ ಮೇಜಿನ ಮೇಲೆ ಚಾಚಿದಳು. ಸೊಪ್ಪಿನ ಕರೆ ಉಗುರಿನ ಸಂದಿಯಲ್ಲೂ ಇಳಿದಿತ್ತು. “ದುಡೀದೇ ಇರೋರ ಕೈ ಹಿಂಗಿರ್ತದಾ ಸಾಮಿ? ನಾನು ದುಡಿಯೋಳು. ಬರ್ಕೊಳ್ಳಿ.” ಅವಳ ದನಿ ಪಕ್ಕದ ಕೋಣೆಗೂ ಕೇಳಿರಬೇಕು. ಸಾಹೇಬರು ಬಾಗಿಲಿಗೆ ಬಂದು ಅವಳನ್ನು ಗುರುತು ಹಿಡಿದರು. “ಬನ್ನಿ ಬನ್ನಿ, ಮಗೂಗೆ ಈಗ ಎಷ್ಟು ಬೆಳೆ?” ಎಂದು ನಕ್ಕರು. ಆ ದಿನ ಅವರು ನಮ್ಮನ್ನು ಕೂರಿಸಿಕೊಂಡು, ಕಾಗದದಲ್ಲಿ ಬಿಟ್ಟುಹೋಗಿದ್ದನ್ನೆಲ್ಲ ಬರೆಸಿ, ಬೆಂಗಳೂರಿಗೆ ಹೋಗುವವರ ಕೈಯಲ್ಲೇ ಕೊಟ್ಟು ಕಳಿಸಿದರು.

ಮಂಜೂರಾತಿ ಬಂದದ್ದು ಮುಂದಿನ ಬೆಳೆಯ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ. ಇಡೀ ರಾಜ್ಯದ ನಿಯಮವೇನೂ ಬದಲಾಗಲಿಲ್ಲ. ಮೂರು ತುಂಬದವರಿಗೆ ಆಮೇಲೂ ಎಷ್ಟೋ ಊರುಗಳಲ್ಲಿ ಪುಷ್ಟಿ ಹಿಟ್ಟೇ ಗತಿಯಾಯಿತು. ಅದು ನನಗೆ ಇವತ್ತಿಗೂ ಸರಿಕಾಣದು. ಆದರೆ ನಮ್ಮ ಊರಿಗೆ ಮರದ ತೊಟ್ಟಿಲುಗಳು ಬಂದವು, ಅಜ್ಜಿಯ ಸೊಸೆ ಆಯಾ ಆದಳು. ಯಾರದೋ ಉಪಯೋಗಕ್ಕಿಲ್ಲದ ಹಳೆಯ ದಾಸ್ತಾನು ಕೋಣೆಯನ್ನು ಮಂಡಳಿಯವರೇ ಸಾರಿಸಿ ಸುಣ್ಣ ಹೊಡೆದರು. ಅನುದಾನ ತಡವಾದರೆ ಮನೆಗೊಂದು ಹಿಡಿ ರಾಗಿ ಹಿಟ್ಟು, ಒಂದು ಲೋಟ ಹಾಲು ತಂದು ಕೊಡುತ್ತಿದ್ದರು. ಹುಡುಗಿ ಪರೀಕ್ಷೆಗೆ ಕೂತಳು, ನಾಲ್ಕನೇ ಕ್ಲಾಸಿಗೆ ಹೋದಳು.

ಶಾಲೆ ತೆರೆದ ಮೇಲೆ ಬೆಳಿಗ್ಗೆ ಅವಳು ತಮ್ಮನನ್ನು ಆಯಾಳ ಕೈಗೆ ಕೊಟ್ಟು ಪ್ರಾರ್ಥನೆಗೆ ಓಡುತ್ತಿದ್ದಳು. ನಮ್ಮ ಬಾಗಿಲಿನಿಂದ ಶಾಲೆಯ ಅಂಗಳ ಕಾಣುತ್ತದೆ. ಮಕ್ಕಳೆಲ್ಲ ಸಾಲಾಗಿ ನೆಟ್ಟಗೆ ನಿಂತಿರುತ್ತಿದ್ದರು. ಇವಳು ಮಾತ್ರ ಎಡಸೊಂಟವನ್ನು ಆಚೆಗೆ ಹಾಕಿ, ಮೈಯೆಲ್ಲ ಒಂದು ಕಡೆಗೆ ವಾಲಿಸಿ ನಿಲ್ಲುತ್ತಿದ್ದಳು. ಸೊಂಟದ ಮೇಲೆ ಇನ್ನೂ ತಮ್ಮನಿದ್ದಾನೇನೋ ಎನ್ನುವ ಹಾಗೆ ಎಡಗೈ ಬಳಸಿ ಮಡಚಿಕೊಂಡಿರುತ್ತಿತ್ತು. ಮೊದಲ ದಿನ ನೋಡಿ ನಗು ಬಂತು, ಮರುಗಳಿಗೆ ನೋಡಲಾಗದೆ ಒಳಗೆ ಬಂದುಬಿಟ್ಟೆ. ಮೇಷ್ಟ್ರು, “ನೆಟ್ಟಗೆ ನಿಲ್ಲಮ್ಮ” ಎಂದರೆ ನೆಟ್ಟಗಾಗುತ್ತಿದ್ದಳು, ಹಾಡು ಮುಗಿಯುವಷ್ಟರಲ್ಲಿ ಮತ್ತೆ ವಾಲಿರುತ್ತಿದ್ದಳು. ದಿನಾ ಬೆಳಿಗ್ಗೆ ಆ ಸಾಲಿನಲ್ಲಿ ವಾರೆ ನಿಂತವಳನ್ನು ಹುಡುಕಿ, ಬಂದಿದ್ದಾಳೆ ಎಂದು ಸಮಾಧಾನ ಮಾಡಿಕೊಂಡು ಕೆಲಸ ಶುರುಮಾಡುವುದು ನನಗೆ ಅಭ್ಯಾಸವಾಯಿತು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಸಾಲಿನಲ್ಲಿ ಅವಳಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಇನ್ನೊಮ್ಮೆ ನೋಡಿದೆ. ಇಲ್ಲ. ಊರಿನ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದ ವಾರ ಅದು. ಮತ್ತೆ ಶಾಲೆ ಬಿಡಿಸಿಬಿಟ್ಟರಾ? ಎಲ್ಲ ಮಾಡಿಯೂ ಇಷ್ಟೇ ಆಯಿತಾ, ಆ ತಾಯಿಗೆ ಇವತ್ತು ಗ್ರಹಚಾರ ಬಿಡಿಸುತ್ತೇನೆ ಎಂದು ಚಪ್ಪಲಿಯನ್ನೂ ಮೆಟ್ಟದೆ ಶಾಲೆಯ ಅಂಗಳಕ್ಕೆ ನುಗ್ಗಿದೆ. “ಅವಳೆಲ್ಲಿ ಮೇಷ್ಟ್ರೇ? ಯಾಕೆ ಬಂದಿಲ್ಲ?” ಪ್ರಾರ್ಥನೆ ನಿಂತುಹೋಯಿತು. ಮೇಷ್ಟ್ರು ನನ್ನನ್ನು ವಿಚಿತ್ರವಾಗಿ ನೋಡಿ, “ಇಲ್ಲೇ ಇದ್ದಾಳಲ್ಲಮ್ಮ, ನಿಮ್ಮ ಮುಂದೇನೇ” ಅಂದರು.

ನನ್ನಿಂದ ಒಂದು ಮಾರು ದೂರದಲ್ಲಿ ಅವಳು ಎರಡೂ ಕೈ ಜೋಡಿಸಿಕೊಂಡು ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಳು. ನಾನು ಹುಡುಕಿದ್ದು ವಾರೆ ನಿಂತವಳನ್ನು. ಅವಳು ನೆಟ್ಟಗೆ ನಿಂತಿದ್ದಳು.